ಎರಡು ವರ್ಷದ ಮಣ್ಣು

ಕಳವಾ, ಠಾಣೆ
೧೮ ನವೆಂಬರ್ ೨೦೨೫

ಆಕಾಶನ ಅಪ್ಪನಿಗೆ,

ಅನಸೂಯಾ ಕರ್ತನ ಹೆಸರಿನಲ್ಲಿ ಮಾಡುವ ವಂದನೆ. ಕರ್ತನ ಹೆಸರು ಕಂಡ ಕೂಡಲೇ ಕಾಗದ ಹರಿಯಬೇಡಿ. ಆ ಹೆಸರು ನಿಮಗೆ ಬೇಡವಾಗಿದ್ದರೆ ಅದೊಂದು ಸಾಲು ಬಿಟ್ಟು ಮುಂದೆ ಓದಿ. ಮಿಶನ್ ಶಾಲೆಯಲ್ಲಿ ನಾಲ್ಕನೇ ಇಯತ್ತೆ ತನಕ ಕಲಿತಿದ್ದೀರಿ. ಅವರು ಕಲಿಸಿದ ದೇವರನ್ನು ಬಿಡಬಹುದು, ಅಕ್ಷರವನ್ನು ಹೇಗೆ ಬಿಡುತ್ತೀರಿ?

ನಿಮ್ಮ ಮೊಬೈಲ್ ಬಂದ್ ಇದೆ. ನಿಮ್ಮ ಅಕ್ಕ ಮರೆಮ್ಮನ ಮೊಬೈಲಿಗೆ ಹಚ್ಚಿದರೆ ‘ಸಿದ್ರಾಮ ಹೊಲಕ್ಕ ಹೋಗ್ಯಾನವಾ’ ಎನ್ನುತ್ತಾಳೆ. ಊಟದ ಹೊತ್ತಿಗೆ ಹಚ್ಚಿದರೂ ನೀವು ಹೊಲದಲ್ಲೇ ಇರುತ್ತೀರಿ. ಯಾರ ಹೊಲ? ಗೌಡರ ಹತ್ತಿ ಬಿಡಿಸಿ ಮುಗಿಸಿ ಬರುತ್ತೇನೆ ಎಂದು ಹೋದವರು ನೀವು. ಆ ಹತ್ತಿ ಮುಗಿದು, ಜೋಳ ಮುಗಿದು, ಮತ್ತೆ ಹತ್ತಿ ಒಡೆದಿದೆ. ಆದ್ದರಿಂದ ಕಾಗದ ಬರೆಸುತ್ತಿದ್ದೇನೆ. ಮರೆಮ್ಮ ‘ಹೊಲಕ್ಕ ಹೋಗ್ಯಾನ’ ಎಂದು ಕಾಗದಕ್ಕೆ ಹೇಳಲಾರಳು.

ಬರೆಯುತ್ತಿರುವವರು ನಮ್ಮ ಚರ್ಚಿನ ಸಭೆಯ ಜಯಲತಾ ಟೀಚರ್. ವಸಂತಕುಮಾರ ಅವರ ಹೆಂಡತಿ. ಹೌದು, ಅದೇ ವಸಂತಕುಮಾರ, ಸಭೆಯ ಕಮಿಟಿಯವರು. ಠಾಣೆಯ ಅವರ ಮನೆಯಲ್ಲಿ, ಫ್ಯಾನಿನ ಕೆಳಗೆ ಕೂತು ಹೇಳುತ್ತಿದ್ದೇನೆ. ನಮ್ಮ ಚಾಳಿನ ಹುಡುಗಿಯರಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಉತ್ತರ ಮರಾಠಿಯಲ್ಲಿ ಬರುತ್ತದೆ, ಅಕ್ಷರವಂತೂ ಇಲ್ಲ. ಟೀಚರ್ ಮುನ್ಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಕಲಿಸಿ ರಿಟೈರ್ ಆದವರು. ನನ್ನ ಮಾತನ್ನು ಪುಸ್ತಕದ ಮಾತಿಗೆ ತಿರುಗಿಸಿ ಬರೆಯುತ್ತಾರೆ. ತಿರುಗಿಸಲಿ. ಮೊದಲೇ ಹೇಳಿದ್ದೇನೆ: ‘ಟೀಚರ್, ನಿಮ್ಮ ಮನಿಯವರ ಮಾತು ಬಂದ್ರೂ ಹಾರಿಸಂಗಿಲ್ರಿ.’ ಅವರು ‘ಆಯ್ತು ಮಾರಾಯ್ತಿ, ನೀನು ಹೇಳು’ ಎಂದಿದ್ದಾರೆ. ನೋಡೋಣ.

ನಾನು ಚೆನ್ನಾಗಿದ್ದೇನೆ. ಮಹಾಪೆಯಲ್ಲಿ ಕಂಪ್ಯೂಟರ್ ಕಂಪನಿಯವರ ಹೊಸ ಬಿಲ್ಡಿಂಗ್ ಏಳುತ್ತಿದೆ, ದಿನಾ ಅಲ್ಲಿಗೆ ಹೋಗಿ ಕಲ್ಲುಮಣ್ಣು ಹೊರುತ್ತೇನೆ. ಬಿಲ್ಡಿಂಗ್ ಎಷ್ಟು ಎತ್ತರವಾದರೂ ಬುಟ್ಟಿ ಅದೇ, ನೆತ್ತಿ ಅದೇ. ಖೋಲಿಯಲ್ಲಿ ಬೆಳಗಿನ ನೀರಿಗೆ ಈಗಲೂ ಜಗಳ. ಒಬ್ಬಳಿಗೆ ಎಷ್ಟು ರೊಟ್ಟಿ ಬಡಿಯಬೇಕು ಎಂಬುದು ಇನ್ನೂ ಕೈಗೆ ಹತ್ತಿಲ್ಲ, ದಿನವೂ ಹೆಚ್ಚಾಗುತ್ತದೆ. ಮರುದಿನ ಅದನ್ನೇ ಚೂರು ಮಾಡಿ ಒಗ್ಗರಣೆ ಹಾಕುತ್ತೇನೆ.

ಈಗ ವಿಷಯ ಕೇಳಿ. ಮಗನ ಮಣ್ಣಿನ ಅವಧಿ ಮುಗಿದಿದೆ.

ಸ್ಮಶಾನದಲ್ಲಿ ನಮ್ಮ ಸಭೆಗೆ ಇರುವುದು ಗೋಡೆ ಪಕ್ಕದ ಒಂದು ಪಟ್ಟಿ. ಅದರಲ್ಲಿ ಹಳೆಯ ಮನೆತನದವರು ಜಾಗ ಕೊಂಡು ಅಮೃತಶಿಲೆ ಹಾಸಿದ್ದಾರೆ. ಅವರನ್ನು ಕರ್ತನೇ ಬಂದು ಎಬ್ಬಿಸುವ ತನಕ ಯಾರೂ ಎಬ್ಬಿಸುವುದಿಲ್ಲ. ನಮ್ಮಂಥವರಿಗೆ ಎರಡು ವರ್ಷ. ಆಮೇಲೆ ಅಗೆದು, ಎಲುಬು ತೆಗೆದು, ಮೂಲೆಯ ದೊಡ್ಡ ಗುಂಡಿಗೆ ಸುರಿದು, ಅದೇ ಕುಣಿಯಲ್ಲಿ ಇನ್ನೊಬ್ಬರನ್ನು ಮಲಗಿಸುತ್ತಾರೆ. ಈ ಊರಿನಲ್ಲಿ ಬದುಕಿದವರಷ್ಟೇ ಬಾಡಿಗೆಗೆ ಇದ್ದಾರೆಂದು ತಿಳಿದಿದ್ದೆ. ನಮ್ಮ ಮಗ ಮಣ್ಣಿನೊಳಗೂ ಲೀವ್ ಅಂಡ್ ಲೈಸೆನ್ಸ್ ಕರಾರಿನ ಮೇಲೆ ಮಲಗಿದ್ದಾನೆ. ಇಪ್ಪತ್ತು ವರ್ಷದವನು, ಕಾಲು ಚಾಚಿದರೆ ಖೋಲಿಯ ಬಾಗಿಲಿಗೆ ತಾಗುತ್ತಿತ್ತು. ಅವನನ್ನು ಎಬ್ಬಿಸಿ ಜಾಗ ಖಾಲಿ ಮಾಡು ಎನ್ನುತ್ತಿದ್ದಾರೆ.

ಮನೆಯವರು ಬಂದರೆ ಎಲುಬು ಅವರ ಕೈಗೆ ಕೊಡುತ್ತಾರಂತೆ. ಆದರೆ ಜಾಗ ಬರೆಸಿದ್ದು ನಿಮ್ಮ ಹೆಸರಿಗೆ. ಬರೆಸಿದವರೇ ಬರಬೇಕು ಎನ್ನುತ್ತದೆ ಕಮಿಟಿ. ಹೆತ್ತವಳು ಹೋಗಿ ನಿಂತೆ. ‘ಸಿದ್ರಾಮ ಎಲ್ಲಿ?’ ಎಂದರು. ಒಂಬತ್ತು ತಿಂಗಳು ಅವನು ಇದ್ದ ಜಾಗ ನನ್ನ ಹೆಸರಿನಲ್ಲಿತ್ತು, ಅದು ಕಮಿಟಿಯ ಲೆಕ್ಕಕ್ಕೆ ಬರುವುದಿಲ್ಲ. ಡಿಸೆಂಬರಿನ ಮೊದಲ ಶನಿವಾರ ಅಗೆಯುತ್ತಾರೆ. ಅಷ್ಟರೊಳಗೆ ನೀವು ಬರಬೇಕು. ನನ್ನ ಕಾಗದ ಇಷ್ಟೇ.

ಆದರೆ ನೀವು ಇಷ್ಟಕ್ಕೇ ಬರುವವರಲ್ಲ. ಈ ಸಭೆಯ ಹೊಸ್ತಿಲು ಮತ್ತೆ ತುಳಿಯುವುದಿಲ್ಲ ಎಂದು ಹೋದವರು. ಆ ಮಾತನ್ನೂ ಇವತ್ತು ತೆಗೆಯುತ್ತೇನೆ. ನಿಮಗೆ ಗೊತ್ತಿರುವುದೇ. ಟೀಚರಿಗೆ ಗೊತ್ತಿಲ್ಲ, ಅದಕ್ಕೆ ಹೇಳುತ್ತೇನೆ.

ಹೋದ ವರ್ಷದ ಸುಗ್ಗಿಹಬ್ಬದ ಮುಂಚಿನ ವಾರ ಪಾದ್ರಿಯವರು ಏನು ಹೇಳಿದ್ದರು? ಪಟ್ಟಣದವರಿಗೆ ಹೊಲ ಇಲ್ಲ, ಆದರೂ ಪ್ರತಿಯೊಬ್ಬರ ಕೈಗೂ ಒಂದು ಬೆಳೆ ಇದೆ, ನಿಮ್ಮ ಕೈಯಿಂದ ಬೆಳೆದದ್ದನ್ನೇ ತನ್ನಿ ಎಂದಿದ್ದರು. ಉಡುಪಿ ಕಡೆಯವರು ತೆಂಗಿನಕಾಯಿ, ಬಾಳೆಗೊನೆ, ಉಪ್ಪಿನಕಾಯಿ, ಕೇಕು ತಂದರು. ನಮ್ಮ ರಾಯಚೂರು, ಕಲಬುರಗಿಯವರು ಕೋಳಿ ತಂದರು, ಕಲ್ಯಾಣದ ಮಾರ್ಕೆಟ್ಟಿನಿಂದ ಕೊಂಡ ಜೋಳ ತಂದರು. ನೀವು ಟವೆಲ್ಲಿನಲ್ಲಿ ಸುತ್ತಿಕೊಂಡು ಕಾಂಕ್ರೀಟಿನ ಕ್ಯೂಬ್ ತಂದು ವೇದಿಯ ಮೆಟ್ಟಿಲಿನ ಮೇಲೆ ಇಟ್ಟಿರಿ.

ಟೀಚರ್, ಕ್ಯೂಬ್ ಅಂದರೆ ಏನೆಂದು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಸ್ಲ್ಯಾಬ್ ಹಾಕುವಾಗೆಲ್ಲ ಅದೇ ಕಾಂಕ್ರೀಟ್ ಮಾಲಿನಲ್ಲಿ ಒಂದಷ್ಟನ್ನು ಕಬ್ಬಿಣದ ಡಬ್ಬಿಗೆ ತುಂಬಿ ಚೌಕನೆಯ ಕಲ್ಲು ಮಾಡುತ್ತಾರೆ. ಆಮೇಲೆ ಮಶೀನಿಗೆ ಕೊಟ್ಟು ಒಡೆದು ಸ್ಲ್ಯಾಬಿನ ಶಕ್ತಿ ನೋಡುತ್ತಾರೆ. ಒಡೆಯದೆ ಉಳಿದವು ಸೈಟಿನಲ್ಲಿ ಬಿದ್ದಿರುತ್ತವೆ. ನಾವು ಅದರ ಮೇಲೆ ಕೂತು ಬುತ್ತಿ ಬಿಚ್ಚುತ್ತೇವೆ.

ಪ್ರಾರ್ಥನೆ ಮುಗಿದು ಸಭೆಯ ಹಾಲ್‌ನಲ್ಲಿ ಕಾಣಿಕೆಗಳ ಹರಾಜು, ನಾವು ಸವಾಲು ಎನ್ನುವುದು, ಶುರುವಾಯಿತು. ಕೂಗಿದವರು ವಸಂತಕುಮಾರ. ಕೋಳಿಗೆ ಕೂಗಿದರು, ಕುಂಬಳಕಾಯಿಗೆ ಕೂಗಿದರು. ಒಂದು ನಿಂಬೆಹಣ್ಣಿಗೆ ಇಬ್ಬರು ದೊಡ್ಡವರು ಹಟಕ್ಕೆ ಬಿದ್ದು ಏರಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಅವರು ನಿಮ್ಮ ಕ್ಯೂಬನ್ನು ಎರಡೂ ಕೈಯಲ್ಲಿ ಎತ್ತಿ, ‘ಇದೆಂತ ಮಾರಾಯ್ರೆ ಸಿದ್ರಾಮ, ಕುಕ್ಕರಿಗೆ ಹಾಕಿದರೆ ಎಷ್ಟು ವಿಸಿಲ್ ಬೇಕು?’ ಎಂದರು. ಇಡೀ ಹಾಲ್ ನಕ್ಕಿತು. ಕ್ವಾಯರಿನ ಸುಜನ್, ‘ಅಂಕಲ್, ಗೇಟ್ ಕೊ ಲಗಾ ದೋ, ಹವಾ ಸೆ ಬಂದ್ ಹೋತಾ ಹೈ’ ಎಂದ, ಗಾಳಿಗೆ ಮುಚ್ಚಿಕೊಳ್ಳುವ ಗೇಟಿಗೆ ಅಡ್ಡ ಇಡಿ ಅಂತ. ಮತ್ತೆ ನಕ್ಕರು. ನಮ್ಮ ಹಿಂದಿನ ಸಾಲಿನವರೂ ನಕ್ಕರು. ಮುಂದಿನ ಸಾಲು ನಕ್ಕರೆ ಹಿಂದಿನ ಸಾಲು ನಗಬೇಕು, ಅದು ನಾವು ಊರಿನಿಂದ ಬರುವಾಗ ಗಂಟು ಕಟ್ಟಿಕೊಂಡು ಬಂದ ರೂಢಿ. ನಾನು ಎದ್ದು ನಿಂತೆ. ನೀವು ಗಂಡಸರ ಸಾಲಿನಿಂದ ಕಣ್ಣಿನಲ್ಲೇ ಬೇಡ ಎಂದಿರಿ. ಯಾರೂ ಬೆಲೆ ಕೂಗಲಿಲ್ಲ. ನೀವು ಹೋಗಿ, ಅವರ ಕೈಯಿಂದ ಅದನ್ನು ಇಸಿದುಕೊಂಡು, ಮತ್ತೆ ಟವೆಲ್ಲಿನಲ್ಲಿ ಸುತ್ತಿ ಹೊರಬಿದ್ದಿರಿ.

ಆಕಾಶ ಮಾಜಿವಾಡಾದ ಟವರಿನ ಸೆಂಟ್ರಿಂಗ್ ಹಲಗೆಯಿಂದ ಬಿದ್ದದ್ದು ಸ್ಲ್ಯಾಬ್ ಹಾಕುವ ದಿನ. ಸಭೆಯಲ್ಲಿ ಎಲ್ಲರಿಗೂ ಇಷ್ಟು ಗೊತ್ತು, ಮಣ್ಣಿಗೆ ಬಂದಿದ್ದರು, ಹಾಡಿದರು. ಆದರೆ ಅವನು ಬಿದ್ದ ಮೇಲೂ ಕಾಂಕ್ರೀಟಿನ ಪಂಪು ನಿಲ್ಲಲಿಲ್ಲ ಎಂದು ಗೊತ್ತಿಲ್ಲ. ಅರ್ಧಕ್ಕೆ ನಿಲ್ಲಿಸಿದರೆ ಸ್ಲ್ಯಾಬಿನಲ್ಲಿ ಜೋಡಿನ ಗೆರೆ ಉಳಿಯುತ್ತದೆ, ಮುಂದೆ ಸೋರುತ್ತದೆ ಎಂದು ಇಂಜಿನಿಯರ್ ಹೇಳಿದ. ನಮ್ಮ ಮಗನನ್ನು ಕೆಳಗೆ ಟೆಂಪೋದಲ್ಲಿ ಹಾಕುತ್ತಿದ್ದರು, ಮೇಲೆ ಮಾಲು ಬೀಳುತ್ತಿತ್ತು. ಸೋರದ ಮನೆ ಬೇಕಲ್ಲ ಜನಕ್ಕೆ. ಆ ದಿನದ ಮಾಲಿನ ಕ್ಯೂಬ್ ಅದು. ಅವನು ಬೆಳಗ್ಗೆ ತನ್ನ ಕೈಯಾರೆ ತುಂಬಿ, ಮೊಳೆಯಿಂದ ತಾರೀಖು ಗೀರಿದ್ದ. ನೀವು ಒಂದು ವರ್ಷ ಅದನ್ನು ತಲೆದಿಂಬಿನ ಹತ್ತಿರ ಇಟ್ಟುಕೊಂಡಿದ್ದಿರಿ. ನಿಮ್ಮ ಕೈಯ ಬೆಳೆ ತನ್ನಿ ಎಂದಾಗ ಅದನ್ನು ತಂದಿರಿ. ನಿಮ್ಮ ಹತ್ತಿರ ಬೇರೆ ಏನು ಬೆಳೆ ಇತ್ತು?

ಟೀಚರ್ ಪೆನ್ನು ಕೆಳಗಿಟ್ಟರು. ‘ನನಗೆ ಗೊತ್ತಿರಲಿಲ್ಲ ಅನಸೂಯಾ’ ಎನ್ನುತ್ತಿದ್ದಾರೆ. ‘ಬರೀರಿ ಟೀಚರ್’ ಎಂದೆ. ‘ಗೊತ್ತಿರಲಿಲ್ಲ ಅಂತಾನೂ ಬರೀರಿ.’

ಆ ದಿನ ಕಳವಾ ಸ್ಟೇಷನ್ನಿನ ಮೆಟ್ಟಿಲಿನ ಮೇಲೆ ನಾನು ನಿಮಗೆ ಬೈದೆ. ‘ಬಾಯಿ ಬಿಟ್ಟು ಹೇಳಬೇಕಿತ್ತು, ಎಲ್ಲಾರ ನಗೀ ನಿಲ್ಲತಿತ್ತು’ ಎಂದೆ. ನೀವು ಹೇಳಿದ ಮಾತು ನನಗೆ ಹಗಲೂ ರಾತ್ರಿಯೂ ನೆನಪಿದೆ: ‘ಹೇಳಿದ್ರ ಕೂಗತಿದ್ರು ಅನಸೂಯಾ. ನಿಂಬಿಹಣ್ಣಿಗಿಂತ ಹೆಚ್ಚಿಗಿ ಕೂಗತಿದ್ರು. ನನ್ನ ಮಗ ಸವಾಲಿಗೆ ಬರ್ತಿದ್ದ.’ ಮರುವಾರ ಆ ಭಾರವನ್ನು ಹೊತ್ತುಕೊಂಡೇ ಕಲ್ಯಾಣದಲ್ಲಿ ರಾಯಚೂರಿನ ಗಾಡಿ ಹತ್ತಿದಿರಿ.

ನೀವು ಊಟದ ಮುಂಚೆ ಪ್ರಾರ್ಥನೆ ಮಾಡುವುದಿಲ್ಲವಂತೆ, ಮರೆಮ್ಮ ಹೇಳಿದಳು. ಮಾಡಬೇಡಿ. ನಾನು ಮಾಡುತ್ತೇನೆ, ಆದರೆ ಮೊದಲಿನಂತಲ್ಲ. ಮೊದಲು ಬೇಡುತ್ತಿದ್ದೆ, ಈಗ ಜಗಳ ತೆಗೆಯುತ್ತೇನೆ. ನಿಮ್ಮ ಅಪ್ಪ ಗೌಡರ ಸತ್ತ ದನ ಎಳೆಯುವುದಿಲ್ಲ ಎಂದು ದೀಕ್ಷಾಸ್ನಾನ ತೆಗೆದುಕೊಂಡವರು. ನೀರು ತಲೆಯ ಮೇಲೆ ಬಿದ್ದ ಆ ದಿನವೇ ನೆಟ್ಟಗೆ ನಿಂತೆ ಎನ್ನುತ್ತಿದ್ದರಲ್ಲ ಮಾವ. ಆ ನಿಂತದ್ದು ನಮ್ಮ ಆಸ್ತಿ. ಅದನ್ನು ವಸಂತಕುಮಾರ ಕೊಟ್ಟದ್ದಲ್ಲ, ಅವರು ನಕ್ಕರೆ ಹೋಗುವುದೂ ಅಲ್ಲ. ಊರಿನಲ್ಲಿ ಗುಡಿಯೊಳಗೆ ಬಿಡುತ್ತಿರಲಿಲ್ಲ. ಇಲ್ಲಿ ಬಿಡುತ್ತಾರೆ, ಹಿಂದೆ ಕೂರಿಸುತ್ತಾರೆ. ನಾನು ಎದ್ದು ಹೊರಗೆ ಹೋಗುವವಳಲ್ಲ. ಹಿಂದಿನ ಸಾಲಿನಲ್ಲಿ ಕೂತು ಜೋರಾಗಿ ಹಾಡುವವಳು.

ಮೊನ್ನೆ ಭಾನುವಾರ ಈ ವರ್ಷದ ಸುಗ್ಗಿಹಬ್ಬ ಆಯಿತು. ನಾನು ಬರಿಗೈಯಲ್ಲಿ ಹೋದೆ. ವಸಂತಕುಮಾರ ಮೊದಲ ತೆಂಗಿನಕಾಯಿ ಎತ್ತಿದ ಕೂಡಲೇ ಎದ್ದು ನಡುವೆ ಹೋಗಿ ನಿಂತೆ. ‘ಅದನ್ನ ಇಡ್ರಿ ಯಜಮಾನ್ರ. ನನ್ನ ಮಗನ ಆರಡಿ ಜಾಗ ಸವಾಲ್ ಹಾಕ್ರಿ. ಯಾರು ಹೆಚ್ಚಿಗಿ ಕೂಗ್ತಾರ ಅವರ ಹೆಣಕ್ಕ ಕೊಟ್ಟುಬಿಡ್ರಿ’ ಎಂದೆ. ಈ ಸಲ ಯಾರೂ ನಗಲಿಲ್ಲ. ಪಾದ್ರಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ವಸಂತಕುಮಾರ ಮೆಲ್ಲಗೆ, ‘ನಿಯಮ ನಾನು ಮಾಡಿದ್ದಲ್ಲಮ್ಮ, ಜಾಗ ಇಲ್ಲ, ನಾಳೆ ಸಾಯುವವರನ್ನು ಎಲ್ಲಿ ಹಾಕುವುದು?’ ಎಂದರು. ಆ ಮಾತಿನಲ್ಲಿ ಸುಳ್ಳಿಲ್ಲ. ನಾಳೆ ಸಾಯುವವರೂ ನಮ್ಮ ಸಾಲಿನವರೇ. ಬಡವನ ಮಗನನ್ನು ಎಬ್ಬಿಸಿ ಬಡವನ ಮಗನನ್ನೇ ಮಲಗಿಸುತ್ತಾರೆ. ಅಮೃತಶಿಲೆ ಅಲುಗುವುದಿಲ್ಲ.

ಆದ್ದರಿಂದ ನೀವು ದೇವರ ಸಲುವಾಗಿ ಬರಬೇಡಿ. ಸಭೆಯ ಸಲುವಾಗಿಯೂ ಬೇಡ, ಯಾರ ಮುಖವನ್ನೂ ನೋಡಬೇಡಿ, ಸ್ಮಶಾನದ ಗೇಟಿನಿಂದ ನೆಟ್ಟಗೆ ಒಳಗೆ ನಡೆಯಿರಿ. ಅಗೆಯುವವರಿಗೆ ನಾನು ಹೇಳಿಟ್ಟಿದ್ದೇನೆ, ಗುದ್ದಲಿ ನಿಮ್ಮ ಕೈಗೆ ಕೊಡುತ್ತಾರೆ. ಈ ಊರಿನ ಎಷ್ಟು ಟವರುಗಳ ಪಾಯಾ ತೋಡಿದ ಕೈ ನಿಮ್ಮದು. ಇದೊಂದನ್ನು ಪರರು ತೋಡುವುದು ಬೇಡ. ಮಗನನ್ನು ಊರಿಗೆ ಒಯ್ಯೋಣ. ಮಾವನ ಮಗ್ಗುಲಲ್ಲಿ ಜಾಗ ಇದೆ, ಅಲ್ಲಿ ಅವಧಿ ಇಲ್ಲ.

ಬರದಿದ್ದರೆ ಏನು ಮಾಡುತ್ತೇನೆ, ಅದನ್ನೂ ಹೇಳಿಬಿಡುತ್ತೇನೆ. ನಾನು ಕಮಿಟಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಗುಂಡಿಗೆ ಹಾಕಿ ಎನ್ನುತ್ತೇನೆ. ಮಳೆಗಾಲದಿಂದ ನಾನು ಆ ಕಡೆ ಹೋಗಿಯೂ ಇಲ್ಲ. ಕೆಲಸ ಬಿಟ್ಟು ದಿನಾ ಹೋಗಿ ಅಳುತ್ತ ಕೂರುವ ಪುರಸತ್ತು ನನಗೆಲ್ಲಿ? ಅಪ್ಪನಿಗೇ ಬೇಡವಾದರೆ ನನ್ನದೇನು? ಗುಂಡಿಯಲ್ಲಿ ಅವನಿಗೆ ಜೊತೆಯಾದರೂ ಸಿಗುತ್ತದೆ.

ಮರೆಮ್ಮನಿಗೆ ಶರಣು ಹೇಳಿ. ಹೊಲದಲ್ಲಿ ಬಿಸಿಲು ಜಾಸ್ತಿ, ತಲೆಗೆ ವಸ್ತ್ರ ಸುತ್ತಿಕೊಳ್ಳಿ.

ಇಂತಿ ನಿಮ್ಮ ಹೆಂಡತಿ, ನಿಮ್ಮ ಮಗನ ತಾಯಿ,
ಅನಸೂಯಾ (ಹೆಬ್ಬೆಟ್ಟು)

ಮರೆತ ಮಾತು: ಸಿದ್ರಾಮ ಅವರೇ, ಇದು ಜಯಲತಾ ಬರೆಯುವುದು. ಅನಸೂಯಾ ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಬರೆದಿದ್ದೇನೆ, ಅವಳು ಹೇಳಿದ ಸುಳ್ಳುಗಳನ್ನೂ ಸೇರಿಸಿ. ಇನ್ನು ಮುಂದಿನದು ಅವಳಿಗೆ ತಿಳಿಯದು. ಅಕ್ಷರ ಬಾರದವಳಿಗೆ ಮೋಸ ಮಾಡುತ್ತಿದ್ದೇನೆ, ದೇವರು ಕ್ಷಮಿಸಲಿ.

ಅವಳು ಮಹಾಪೆಯ ಕೆಲಸ ಬಿಟ್ಟು ತಿಂಗಳಾಯಿತು. ಅವಧಿ ಮುಗಿದ ವಾರವೇ ಅಗೆಯುವವರು ಬಂದಿದ್ದರು. ಅವರನ್ನು ಕಳಿಸಿದ್ದು ನನ್ನ ಮನೆಯವರು. ಇವಳು ಹೋಗಿ ಆ ಮಣ್ಣಿನ ಮೇಲೆ ಅಂಗಾತ ಮಲಗಿಬಿಟ್ಟಳು. ‘ಅವನ ಅಪ್ಪ ಬರೋತನ ತಡೀರಿ, ಇಲ್ಲಂದ್ರ ಇಬ್ಬರನ್ನೂ ಕೂಡೇ ಅಗೀರಿ’ ಎಂದಳಂತೆ. ಅವರು ಗುದ್ದಲಿ ಹೊತ್ತುಕೊಂಡು ವಾಪಸು ಬಂದರು. ಅಂದಿನಿಂದ ಗೇಟು ತೆರೆಯುವ ಹೊತ್ತಿಗೆ ಹೋಗಿ ಕೂರುತ್ತಾಳೆ, ಮುಚ್ಚುವಾಗ ಕಾವಲಿನವನು ಎಬ್ಬಿಸಬೇಕು. ರೊಟ್ಟಿ ಅಲ್ಲೇ ತಿನ್ನುತ್ತಾಳೆ. ಬರಬರುತ್ತ ಸಣಕಲಾಗಿದ್ದಾಳೆ, ಎರಡು ದಿನದಿಂದ ಜ್ವರವೂ ಇದೆ. ಅಗೆಯುವ ಆ ಶನಿವಾರ ಪೊಲೀಸರನ್ನು ಕರೆಸಿ ಎತ್ತಿಸುವುದೆಂದು ಕಮಿಟಿಯಲ್ಲಿ ತೀರ್ಮಾನವಾಗಿದೆ. ನನ್ನ ಮನೆಯ ಊಟದ ಮೇಜಿನಲ್ಲಿಯೇ ಆ ಮಾತಾಯಿತು, ಬಡಿಸಿದವಳು ನಾನು.

ನನ್ನ ಮನೆಗೆ ಅವಳು ಈ ತನಕ ಕಾಲಿಟ್ಟಿಲ್ಲ. ಈ ಕಾಗದ ಬರೆದದ್ದು ಸ್ಮಶಾನದಲ್ಲಿ, ನಿಮ್ಮ ಮಗನ ಮಣ್ಣಿನ ಮೇಲೆ ಕೂತು. ‘ಫ್ಯಾನಿನ ಕೆಳಗ ಅಂತ ಬರೀರಿ, ಇಲ್ಲಂದ್ರ ನಮ್ಮನಿಯವರಿಗೆ ಕೆಟ್ಟ ಅನಸತದ’ ಎಂದಳು.