ಗದ್ದುಗೆಯ ಎರಡು ಗುಂಟೆ

ನವೆಂಬರ್ ೧೦, ಕಾರ್ತಿಕ ಸೋಮವಾರ

ಅಂತೂ ಮದನನಿಗೆ ಹೇಳಿದ್ದಾಯಿತು. ನಮ್ಮೂರು ಹದಿನಾರಿನ ನಾಲೆ ಪಕ್ಕದ ಒಂದೆಕರೆಯನ್ನು ನನ್ನ ಕಾಲಾನಂತರ ಮಠದವರು ಹೆಣ್ಣುಮಕ್ಕಳ ಹಾಸ್ಟೆಲ್ ಕಟ್ಟಲೆಂದು ಉಯಿಲು ಬರೆಸುತ್ತಿದ್ದೇನೆ ಎಂದು ಮಗನ ಮುಖ ನೋಡಿ ಹೇಳಲು ಇಷ್ಟು ದಿನ ಬಾಯೇ ಬಂದಿರಲಿಲ್ಲ.

ನಂಜನಗೂಡಿನಲ್ಲಿ ವಕೀಲರ ಮುಂದೆ ಕರಡು ಓದಿದ. ಮುಖ ಕೆಂಪಾಯಿತು. ಜಗಳ ಶುರುವಾಯಿತು ಅಂದುಕೊಂಡೆ. ಉತ್ತರಗಳನ್ನು ಹೊಂದಿಸಿಕೊಂಡೇ ಹೋಗಿದ್ದೆ.

"ಒಲ ಕೊಡವ್ವ, ಯಾರ್ ಬ್ಯಾಡ ಅಂದ್ರು? ಅಪ್ಪನ ಗದ್ದುಗೆ ಇರೋದೂ ಅದ್ರಲ್ಲೇ ಅಲ್ವಾ? ನಾಳೆ ಪಾಯ ತೆಗ್ಯೋರಿಗೆ ಅದು ಗೊತ್ತಾಯ್ತದಾ? ನಿನ್ನ ಎಲ್ಲಿ ಮಣ್ಣು ಮಾಡ್ಲಿ?"

ನನ್ನ ಬುದ್ಧಿಗಿಷ್ಟು ಮಣ್ಣು ಹಾಕ. ಅವರನ್ನು ಕೂರಿಸಿ ಮಣ್ಣು ಮಾಡಿದ, ಪ್ರತಿ ಸೋಮವಾರ ವಿಭೂತಿ ಹಚ್ಚಿ ಹೂವಿಟ್ಟು ಬರುವ ಜಾಗವನ್ನೇ ಮರೆತು, ಗಂಡನನ್ನೂ ಸೇರಿಸಿ ದಾನ ಬರೆಸಿದ್ದೆ!

ವಕೀಲರು ನಕ್ಕರು. "ಅದಕ್ಕೇನಮ್ಮ, ಗದ್ದುಗೆ ಸುತ್ತ ಎರಡು ಗುಂಟೆ, ಹೋಗಿಬರೋಕೆ ದಾರಿ ಮನೆಯವರಿಗೇ ಉಳಿಸ್ಕೊಂಡು ಮಿಕ್ಕಿದ್ದು ಮಠಕ್ಕೆ ಬರೆಯೋಣ." ಮದನ ತಲೆಯಾಡಿಸಿದ. ಆಮೇಲೆ ನನಗೆ ಕಾಫಿ ಕೊಡಿಸಿದ, ಸಕ್ಕರೆ ಕಮ್ಮಿ ಹಾಕಿಸಿ.

ಬರುವಾಗ ಬಸ್ಸಿನಲ್ಲೇ ನಿದ್ದೆ ಹತ್ತಿತು. ಎಷ್ಟು ಹಗುರ!

ನಮ್ಮ ಯಜಮಾನರು ಎಂದೂ ಒಬ್ಬರೇ ಕೂತು ಉಂಡವರಲ್ಲ. ಇನ್ನು ಹಾಸ್ಟೆಲ್ಲಿನ ಊಟದ ಗಂಟೆ, ಹುಡುಗಿಯರ ಗಲಾಟೆ ಎಲ್ಲ ಅವರು ಕೂತಲ್ಲಿಗೇ ಕೇಳಿಸುತ್ತದೆ. ಪಕ್ಕದಲ್ಲಿ ನನಗೂ. ಅವರ ಎಡಗಿವಿ ಮಂದ, ನನ್ನನ್ನು ಬಲಕ್ಕೇ ಕೂರಿಸಬೇಕು. ಮದನನಿಗೆ ಅದೊಂದು ಹೇಳುವುದು ಮರೆತೆ. ನಾಳೆ ಎದ್ದ ಕೂಡಲೇ ಹೇಳಬೇಕು.