ಹೆತ್ತವಳು ಹೇಳಿದರೆ ಸಾಕು

ಬೈಂಡಿಂಗ್ ಅಂಗಡಿ, ನ್ಯಾಯಾಲಯದ ಹಿಂಬೀದಿ
ಮಾರ್ಚ್ ೧೪, ಬುಧವಾರ ಮಧ್ಯಾಹ್ನ

ಪ್ರೀತಿಯ ಮಗನೇ,

ಹಡಗು ಹತ್ತುವ ಮುಂಚೆ ನೀನು ಇಳಿದುಕೊಳ್ಳುತ್ತಿದ್ದ ನಾವಿಕರ ವಸತಿಗೃಹದ ಗುಮಾಸ್ತ ಈ ಲಕೋಟೆಯನ್ನು ನಿನಗಿಂತ ಮೊದಲು ಒಡೆದರೆ ಅವನಿಗೂ ತಿಳಿದಿರಲಿ, ಬರೆಯುತ್ತಿರುವವಳು ಯಾರೆಂದು. ಒಂಬತ್ತು ವರ್ಷದ ಹಿಂದೆ ಮುಳುಗಿದ ಸರಕು ಹಡಗಿನ ಇಂಜಿನ್ ಕೋಣೆಯಲ್ಲಿದ್ದವನ ತಾಯಿ ನಾನು. ನಲವತ್ತೊಂದು ವರ್ಷದಿಂದ ನ್ಯಾಯಾಲಯದ ತೀರ್ಪುಗಳನ್ನೂ ನಮ್ಮ ಧರ್ಮಸಭೆಯ ಜನನ, ಮದುವೆ, ಮರಣದ ಪುಸ್ತಕಗಳನ್ನೂ ಹೊಲಿದು ರಟ್ಟು ಕಟ್ಟುವ ಅಂಗಡಿಯ ಯಜಮಾನಿ. ಧರ್ಮಸಭೆಯಲ್ಲಿ ಹೆಂಗಸರ ಸಾಲಿನ ಮೊದಲ ಕುರ್ಚಿ ನನ್ನದು. ನಾನು ಒಳಗೆ ಬಂದರೆ ಹಿರಿಯರ ಪಿಸುಮಾತು ನಿಲ್ಲುತ್ತದೆ.

ಹೇಗಿದ್ದೀಯ? ಎಡಗಿವಿ ಇನ್ನೂ ಸೋರುತ್ತದೆಯೇ? ಇಂಜಿನ್ನಿನ ಹತ್ತಿರ ಹೋಗುವಾಗ ಹತ್ತಿ ಇಟ್ಟುಕೋ ಎಂದು ಸಾವಿರ ಸಲ ಹೇಳಿದ್ದೇನೆ. ಗೋಡೆಗೆ ಹೇಳಿದ್ದರೆ ಅದಾದರೂ ಕೇಳುತ್ತಿತ್ತು. ನನ್ನ ಎದೆ ಸರಿಯಿಲ್ಲ. ಮೆಟ್ಟಿಲು ಹತ್ತಬಾರದು ಎಂದಿದ್ದಾಳೆ ಡಾಕ್ಟರಮ್ಮ. ಹತ್ತುತ್ತಿದ್ದೇನೆ. ಅಂಟು ಕುದಿಸುವ ನಮ್ಮ ಅಂಟಜ್ಜನಿಗೆ ಕಣ್ಣು ಮಂದವಾಗಿದೆ, ನಾಲಿಗೆ ಮಾತ್ರ ಇನ್ನೂ ಕತ್ತರಿ. ನ್ಯಾಯಾಲಯದ ಕಟ್ಟನ್ನೂ ಸಭೆಯ ಕಟ್ಟನ್ನೂ ಒಂದೇ ಮೇಜಿನ ಮೇಲೆ ಇಡಬಾರದೆಂದು ನಾನು ಗದರಿಸಿದರೆ, "ಇಡಲ್ಲಮ್ಮ, ರಾತ್ರಿ ಎರಡೂ ಜಗಳ ಆಡಿಕೊಂಡು ಹೊಲಿಗೆ ಬಿಟ್ಟುಬಿಟ್ಟಾವು" ಎನ್ನುತ್ತಾನೆ.

ಹಿಂದಿನ ಕಾಗದಗಳು ನಿನಗೆ ಸಿಕ್ಕಿರಲಾರವು. ಆದ್ದರಿಂದ ಮೊದಲಿನಿಂದ ಬರೆಯುತ್ತೇನೆ. ಹಡಗಿನಲ್ಲಿದ್ದ ಹನ್ನೊಂದು ಜನರಲ್ಲಿ ಏಳು ಜನರ ದೇಹ ಸಿಕ್ಕಿತು, ನಿನ್ನದು ಸಿಗಲಿಲ್ಲ. ಸಭೆಯಲ್ಲಿ ಗುರುಗಳು ಕೇಳಿದಾಗ ನಾನು ಎದ್ದು ನಿಂತು, "ನನ್ನ ಮಗ ಬದುಕಿದ್ದಾನೆ" ಎಂದು ಪ್ರಮಾಣ ಮಾಡಿದೆ. ನಮ್ಮ ಧರ್ಮದ ಕಟ್ಟಳೆ ನಿನಗೆ ಗೊತ್ತು. ದೇಹ ಸಿಗದವನ ವಿಷಯದಲ್ಲಿ ಹೆತ್ತವಳು ಹೇಳಿದರೆ ಸಾಕು; ಬೇರೆ ಸಾಕ್ಷಿ ಬೇಡ. ಹೆತ್ತ ಕರುಳು ಮಗುವಿನ ಸಾವಿನ ಬಗ್ಗೆ ಸುಳ್ಳಾಡುವುದಿಲ್ಲ ಎಂಬುದು ನಮ್ಮ ಹಿರಿಯರ ನಂಬಿಕೆ. ಅಂದು ಇಡೀ ಸಭೆ ಅತ್ತಿತು. ನಾನು ಅಳಲಿಲ್ಲ. ನನ್ನ ಮಾತಿಗೆ ಅಷ್ಟು ತೂಕವಿದೆ ಎಂದು ಹೆಮ್ಮೆಪಟ್ಟೆ, ಅದನ್ನೇಕೆ ಮುಚ್ಚಿಡಲಿ.

ನಿನ್ನ ಹೆಂಡತಿ ಆಗ ಇಪ್ಪತ್ತಾರರ ಹುಡುಗಿ, ಮದುವೆಯಾಗಿ ಆರು ತಿಂಗಳು. ಈಗ ಅವಳಿಗೆ ಮೂವತ್ತೈದು. ಅಂದಿನಿಂದ ನನ್ನ ಜೊತೆಗೇ ಇದ್ದಾಳೆ. ಹಾಳೆ ಮಡಿಸುವುದರಲ್ಲಿ ಅವಳ ಕೈ ನನ್ನ ಕೈಗಿಂತ ಚುರುಕು. ಇದನ್ನು ಅವಳೆದುರು ಎಂದೂ ಹೇಳಿಲ್ಲ. ಏಳು ವರ್ಷ ತುಂಬಿದ ಮೇಲೆ ನ್ಯಾಯಾಲಯ ತನ್ನ ಕಾನೂನಿನಂತೆ ನೀನು ಸತ್ತಿದ್ದೀಯ ಎಂದು ಆದೇಶ ಬರೆಯಿತು. ಸಭೆ ಒಪ್ಪಲಿಲ್ಲ. ಕನ್ನಡಕದ ಅಂಗಡಿಯವನು ಅವಳನ್ನು ಮದುವೆಯಾಗುತ್ತೇನೆಂದು ಎರಡು ವರ್ಷದಿಂದ ಕಾಯುತ್ತಿದ್ದಾನೆ. ಹೆಂಡತಿ ತೀರಿಕೊಂಡವನು, ಮಾತು ಕಡಿಮೆ. ನೋಂದಣಿ ಕಚೇರಿಯಲ್ಲಿ ಸಹಿ ಹಾಕಿದರೆ ಅವರನ್ನು ತಡೆಯುವವರಿಲ್ಲ. ಅವಳೇ ಒಲ್ಲೆನೆಂದಳು. "ಅಲ್ಲಿ ಸಹಿ ಹಾಕಿದ್ರೆ ನಮ್ಮವರ ಕಣ್ಣಿಗೆ ನಾನು ಗಂಡ ಬದುಕಿರುವಾಗಲೇ ಓಡಿಹೋದವಳು. ನಾಳೆ ಪ್ರಾರ್ಥನೆಗೆ ಯಾವ ಬಾಗಿಲಿಂದ ಹೋಗಲಿ? ನಂಗೆ ದೇವರೂ ಬೇಕು ಅತ್ತೆ, ಮನೆಯೂ ಬೇಕು" ಎಂದಳು. ನ್ಯಾಯಾಲಯದ ಆದೇಶವನ್ನು ಸಭೆ ಒಪ್ಪಲೇಬೇಕು ಎಂದು ಅವಳು ದಾವೆ ಹೂಡಿದಾಗ ನಾನು ನಾಲ್ಕು ದಿನ ಅವಳ ಕೈಯಿಂದ ನೀರೂ ಮುಟ್ಟಲಿಲ್ಲ.

ಕಳೆದ ತಿಂಗಳು ವಾದ ನಡೆಯಿತು. ನಾನು ಸಭೆಯವರ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದೆ. ಅವಳ ವಕೀಲ, "ಒಬ್ಬನೇ ಮನುಷ್ಯ ಈ ಕಟ್ಟಡದಲ್ಲಿ ಸತ್ತು, ರಸ್ತೆ ದಾಟಿದರೆ ಬದುಕಿರುತ್ತಾನೆಯೇ ಸ್ವಾಮಿ?" ಎಂದ. ಜನ ನಕ್ಕರು. ಸಭೆಯ ವಕೀಲ ಸೋಲುವವನಲ್ಲ. "ಸರ್ಕಾರಕ್ಕೆ ಅವನು ಸತ್ತಿರಲಿ, ಬೇಡವೆನ್ನಲ್ಲ. ಯಾರ ಮದುವೆ ಮಾಡಿಸಬೇಕು ಅಂತ ಇವತ್ತು ಗುರುಗಳಿಗೆ ಅಪ್ಪಣೆ ಕೊಟ್ಟರೆ, ನಾಳೆ ಪ್ರಾರ್ಥನೆಯನ್ನೂ ನೀವೇ ಬರೆದುಕೊಡ್ತೀರಿ" ಎಂದ. ಎರಡೂ ನನಗೆ ಸರಿಯೆನಿಸಿದವು ಮಗಾ, ಅದೇ ಸಂಕಟ. ನ್ಯಾಯಾಧೀಶೆ ಕನ್ನಡಕ ತೆಗೆದು ಬಹಳ ಹೊತ್ತು ಕಣ್ಣುಜ್ಜಿಕೊಂಡರು. ಹೆಣ್ಣುಮಗಳ ಕಷ್ಟ ತಮಗೆ ಅರ್ಥವಾಗುತ್ತದೆ, ಆದರೆ ಧರ್ಮಸಭೆ ತನ್ನ ಪುಸ್ತಕದಲ್ಲಿ ಏನು ಬರೆಯಬೇಕೆಂದು ಹೇಳುವ ಅಧಿಕಾರ ನ್ಯಾಯಾಲಯಕ್ಕಿಲ್ಲ ಎಂದರು. ನಾವು ಗೆದ್ದೆವು. ಹಿರಿಯರು ನನಗೆ ಕೈಮುಗಿದರು. ಅವಳು ಮನೆಗೆ ಬಂದು ಸೀರೆ ಬದಲಿಸಿ, ಅರ್ಧಕ್ಕೆ ಬಿಟ್ಟಿದ್ದ ಹಾಳೆಗಳನ್ನು ಮಡಿಸಲು ಕೂತಳು. ಬೈದಿದ್ದರೆ ನಾನೂ ಬೈಯುತ್ತಿದ್ದೆ.

ಕಳೆದ ವಾರ ಸಭೆಯ ಹಳೆಯ ಪುಸ್ತಕವೊಂದು ರಟ್ಟು ಕಳಚಿ ಬಂತು. ಹೊಲಿಯುವವರು ಓದಬಾರದು ಎಂಬುದು ನಿಮ್ಮಪ್ಪ ಹಾಕಿಕೊಟ್ಟ ನಿಯಮ. ಇಷ್ಟು ವರ್ಷ ಮೀರಿರಲಿಲ್ಲ, ಆ ದಿನ ಮೀರಿದೆ. ಒಬ್ಬಳು ಇಪ್ಪತ್ತೆರಡನೇ ವಯಸ್ಸಿಗೆ "ಕಾಣೆಯಾದವನ ಹೆಂಡತಿ" ಎಂದು ದಾಖಲಾಗಿದ್ದಾಳೆ. ಮೂರು ಪುಟದಾಚೆ ಅವಳ ಅತ್ತೆಯ ಮರಣವಿದೆ, ಪಕ್ಕದಲ್ಲಿ ಕೆಂಪು ಶಾಯಿಯ ಟಿಪ್ಪಣಿ: ಹೆತ್ತವಳು ಮಾತು ಬದಲಿಸದೆ ತೀರಿಕೊಂಡದ್ದರಿಂದ ಆ ಮಾತೇ ಶಾಶ್ವತ. ಪುಸ್ತಕದ ಕೊನೆಯಲ್ಲಿ ಆ ಸೊಸೆಯ ಮರಣವೂ ಸಿಕ್ಕಿತು. ವಯಸ್ಸು ಎಪ್ಪತ್ತೊಂದು, ಕಾಣೆಯಾದವನ ಹೆಂಡತಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಿಮಗೆಲ್ಲ ಹೇಳಿ ಬೆಳೆಸಿದವಳು ನಾನು. ಎದೆ ಹಿಡಿದುಕೊಂಡು ಅಲ್ಲೇ ಕೂತೆ. ಅಂಟಜ್ಜ ನೀರು ತಂದುಕೊಟ್ಟು, "ಅಷ್ಟೊಂದು ಏನು ಬರೆದಿದೆಯಮ್ಮ ಅದರಲ್ಲಿ?" ಎಂದು ಕೇಳಿದ. "ನನ್ನ ತಲೆ" ಎಂದೆ.

ಹೊತ್ತುಹೊತ್ತಿಗೆ ಊಟ ಮಾಡು. ದೇವರು ನಿನ್ನ ಮೈಯನ್ನೂ ಮನಸ್ಸನ್ನೂ ಕಾಯಲಿ. ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸಿದ್ದೇನೆ ಎಂದುಕೋ.

ನಿನ್ನನ್ನು ಹೆತ್ತ
ಅಮ್ಮ

ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ಸಭೆಗೆ ಹೋಗಿ, ಗ್ರಂಥದ ಮೇಲೆ ಬಲಗೈ ಇಟ್ಟು, ನನ್ನ ಮಗ ಸತ್ತಿದ್ದಾನೆ ಎಂದು ಹೇಳಿಬಂದೆ. ಗುರುಗಳು ಬೆಚ್ಚಿದರು. "ಹೇಗೆ ಗೊತ್ತಾಯ್ತು ತಾಯಿ?" ಎಂದರು. "ಹೆತ್ತವಳನ್ನ ಹಾಗೆ ಕೇಳಬಹುದು ಅಂತ ಎಲ್ಲಿ ಬರೆದಿದೆ, ತೋರಿಸಿ" ಎಂದೆ. ಪುಸ್ತಕ ತೆಗೆದು ಬರೆದುಕೊಂಡರು. ಭಾನುವಾರ ಅವಳ ಮದುವೆ. ನೀನು ಬದುಕಿದ್ದೀಯ ಎಂದು ನನಗೆ ಈಗಲೂ ಗೊತ್ತು. ದೇವರ ಮುಂದೆ ಸುಳ್ಳಾಡಿದ್ದೇನೆ, ಅದಕ್ಕೆ ಉತ್ತರ ನಾನೇ ಕೊಟ್ಟುಕೊಳ್ಳುತ್ತೇನೆ. ನೀನು ಮಾತ್ರ ಈ ಊರಿಗೆ ಬರಬೇಡ ಮಗಾ. ಬಂದರೆ ಅವಳ ಮದುವೆ ಉಳಿಯುವುದಿಲ್ಲ, ಅವಳ ಮಕ್ಕಳಿಗೆ ಆ ಪುಸ್ತಕದಲ್ಲಿ ಜಾಗವಿರುವುದಿಲ್ಲ. ಬಂದರೆ ನಿನ್ನ ಮುಖ ನೋಡಿಕೊಂಡೇ, ಇವನು ನನ್ನ ಮಗನಲ್ಲ ಎಂದು ನಾನು ಹೇಳಬೇಕಾಗುತ್ತದೆ. ಹೇಳುತ್ತೇನೆ.