ನಾಲ್ಕನೆಯ ಬಗೆಯ ಶಿಲೆ

ಕೆಂಗಲ್ಲೂರು,
ಫೆಬ್ರವರಿ ೩೧, ೨೩೧೮

ಇಪ್ಪತ್ತೊಂದನೆಯ ಶತಮಾನದಲ್ಲಿ ಮೂರನೆಯ ತರಗತಿಗೆ ಪಾಠ ಹೇಳುತ್ತಿರುವ ಮಾಸ್ತರರಿಗೂ ಅಕ್ಕೋರಿಗೂ ನಿಂಬೆವ್ವ ಹುನಕುಂಟಿಯ ನಮಸ್ಕಾರಗಳು.

ತಾರೀಖು ನೋಡಿ ಇದು ಯಾರದೋ ಕೀಟಲೆ ಎಂದು ಕಾಗದ ಮಡಚಿಡಬೇಡಿ. ಫೆಬ್ರವರಿಗೆ ಅನ್ಯಾಯವಾಗಿದೆ ಎಂದು ನಮ್ಮಲ್ಲಿ ಒಂದು ಸಮಿತಿ ಕೂತು, ಇಪ್ಪತ್ತೆರಡು ವರ್ಷ ಚಹಾ ಕುಡಿದು, ಕೊನೆಗೆ ಜುಲೈ, ಆಗಸ್ಟ್, ಡಿಸೆಂಬರ್‌ಗಳಿಂದ ಒಂದೊಂದು ದಿನ ಕಿತ್ತು ಅದಕ್ಕೆ ಕೊಟ್ಟಿತು. ಡಿಸೆಂಬರ್ ಇನ್ನೂ ಮುನಿಸಿಕೊಂಡಿದೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಒಂದು ಹರಿದ ನೋಟ್‌ಬುಕ್ಕಿನಿಂದ ಕಲಿತವಳು, ಅದರಿಂದ ಏನೇನು ಅನಾಹುತವಾಯಿತು ಎಂಬುದೇ ಈ ಕಾಗದದ ವಿಷಯ. ಇದು ನಿಮ್ಮ ಕೈಸೇರುವುದು ಹಿಂದಂಚೆಯ ಮೂಲಕ. ಹಿಂದಂಚೆ ಎಂದರೆ ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ನೂರು ಗ್ರಾಂ ಮೀರಬಾರದು, ಉತ್ತರ ಬರುವುದಿಲ್ಲ. ಅಲ್ಲಿಯ ಗುಮಾಸ್ತರು ಪ್ರತಿಯೊಂದನ್ನೂ ಓದಿ, "ಇದರಲ್ಲಿ ಉಪಯುಕ್ತ ಮಾಹಿತಿ ಏನೂ ಇಲ್ಲ" ಎಂದು ಮುದ್ರೆ ಒತ್ತಿದ ಮೇಲೆಯೇ ಕಳಿಸುತ್ತಾರೆ. ಲಕೋಟೆಯ ಮೇಲಿನ ಆ ಮುದ್ರೆಯನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನನ್ನ ಕಸುಬು ಕಲ್ಲುಪಾಠ. ನಮ್ಮ ಕಾಲದಲ್ಲಿ ಕಲ್ಲು ಎರಡು ತರಹ. ಒಂದು ಮರುಕಲ್ಲು: ನಿಮ್ಮ ಕಾಲದ ಕಟ್ಟಡಗಳನ್ನು ಗಿರಣಿಯಲ್ಲಿ ಪುಡಿಮಾಡಿ, ಅಚ್ಚಿಗೆ ಹಾಕಿ ತೆಗೆದದ್ದು. ಮನೆ, ರಸ್ತೆ, ಶಾಲೆ ಎಲ್ಲ ಅದರದ್ದೇ. ನನ್ನ ಅಡುಗೆಮನೆಯ ಗೋಡೆ ಒಂದು ಕಾಲದಲ್ಲಿ ಅರ್ಧ ಕಲ್ಯಾಣಮಂಟಪ, ಅರ್ಧ ಫ್ಲೈಓವರ್ ಆಗಿತ್ತೆಂದು ಅದರ ಚೀಟಿಯಲ್ಲಿ ಬರೆದಿದೆ. ಎರಡನೆಯದು ಹುಟ್ಟುಗಲ್ಲು, ಅಂದರೆ ಭೂಮಿಯೇ ಮಾಡಿದ್ದು. ಅದು ಈಗ ಕಣ್ಣಿಗೆ ಬೀಳುವುದಿಲ್ಲ. ಮೇಲಿನದನ್ನು ನೀವು ತೆಗೆದಿರಿ, ಕೆಳಗಿನದನ್ನು ಅಗೆಯದಂತೆ ನಾವು ಕಾನೂನು ಮಾಡಿದೆವು. ನಮ್ಮೂರ ಹೆಸರು ಕೆಂಗಲ್ಲೂರು, ನನ್ನ ಬಳಿ ಇರುವ ಒಂದನ್ನು ಬಿಟ್ಟರೆ ಊರಲ್ಲಿ ಕೆಂಪು ಕಲ್ಲೇ ಇಲ್ಲ. ಹೆಸರು ಬದಲಿಸಲು ಅರ್ಜಿ ಹಾಕಿದವರಿದ್ದಾರೆ.

ಹತ್ತನೆಯ ವಯಸ್ಸಿನಿಂದ ನಾನು ಗಿರಣಿಯಲ್ಲಿ ಅವಶೇಷ ಆರಿಸುವ ಕೆಲಸ ಮಾಡಿದೆ. ಸಿಮೆಂಟು, ಕಬ್ಬಿಣ, ಗಾಜುಗಳ ನಡುವೆ ಒಮ್ಮೊಮ್ಮೆ ಒಂದು ಹುಟ್ಟುಗಲ್ಲು ತಣ್ಣಗೆ ಕೂತಿರುತ್ತಿತ್ತು. ಅಂಥವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ಮೂವತ್ತೇಳು ಆದವು. ಯಾರೂ ಕಲಿಸಲಿಲ್ಲ. ಬಡಿದು, ಗೀರಿ, ಒದ್ದೆ ಮಾಡಿ, ಬಿಸಿಲಿಗಿಟ್ಟು ನಾನೇ ಕಲಿತೆ. ಆಮೇಲೆ ಪೆಟ್ಟಿಗೆ ಹೊತ್ತುಕೊಂಡು ಶಾಲೆಯಿಂದ ಶಾಲೆಗೆ ಹೊರಟೆ. ಪ್ರತಿ ಕಲ್ಲಿಗೂ ರಿಜಿಸ್ಟರಿನಲ್ಲಿ ಒಂದು ಸಾಲಿದೆ: ನಂಬರು, ತೂಕ, ಬಣ್ಣ, ಬಗೆ, ಎಲ್ಲಿಯದು, ಮತ್ತು ಕೊನೆಯಲ್ಲಿ ಯಾರು ಯಾರು ನೆಕ್ಕಿದರು. ಈ ಕೊನೆಯ ಕಲಂ ನಿಮಗೆ ಅತಿಯಾಯಿತು ಅನ್ನಿಸಬಹುದು. ಮೂರನೆಯ ತರಗತಿಯ ಮಕ್ಕಳಿಗೆ ಕಲ್ಲು ಕೊಟ್ಟು ನೋಡಿದವರಿಗೆ ಅನ್ನಿಸಲಿಕ್ಕಿಲ್ಲ. ಹನ್ನೆರಡನೆಯ ನಂಬರಿನ ಕೆಂಪು ಗ್ರಾನೈಟನ್ನು ಈವರೆಗೆ ನಾನೂರ ಆರು ಮಕ್ಕಳು ನೆಕ್ಕಿದ್ದಾರೆ. ಅದು ಈಗ ಪಾಲಿಷ್ ಆದಂತೆ ಹೊಳೆಯುತ್ತದೆ.

ಅವರು ನೆಕ್ಕುವುದಕ್ಕೂ ಕಾರಣ ನಾನೇ. ಗೋಡೆಯೊಂದರ ಸಂದಿನಲ್ಲಿ ನಿಮ್ಮ ಕಾಲದ ಶಾಲೆಯ ಹುಡುಗಿಯೊಬ್ಬಳ ನೋಟ್‌ಬುಕ್ಕು ಸಿಕ್ಕಿತ್ತು. ಒಂದು ಪುಟದಲ್ಲಿ ಶಿಲೆಗಳ ಪಾಠ: ಅಗ್ನಿಶಿಲೆ, ಪದರುಶಿಲೆ, ರೂಪಾಂತರ ಶಿಲೆ. ಮುಂದಿನ ಪುಟದಲ್ಲಿ, ಅದೇ ಅಕ್ಷರದಲ್ಲಿ: "ಬೇಸಿಗೆಯಲ್ಲಿ ರಸ್ತೆ ಬದಿ ಕಲ್ಲಂಗಡಿ ರಾಶಿ ಇರುತ್ತದೆ. ಅಪ್ಪ ಬಡಿದು ನೋಡಿ ಆರಿಸುತ್ತಾರೆ. ಒಳಗೆ ಕೆಂಪಗೆ ಇರುತ್ತದೆ. ನಾವೆಲ್ಲ ತಿಂದೆವು. ತಮ್ಮ ಜಾಸ್ತಿ ತಿಂದ."

ನೀವು ಈಗಾಗಲೇ ನಗುತ್ತಿದ್ದೀರಿ, ನನಗೆ ಗೊತ್ತು. ಆದರೆ ನನ್ನ ಜಾಗದಲ್ಲಿ ನಿಂತು ನೋಡಿ. ಕಲ್ಲು ಹೆಚ್ಚು ಅಂಗಡಿ, ಕಲ್ಲಂಗಡಿ, ಲೋಪಸಂಧಿ. ವ್ಯಾಕರಣ ಪೂರ್ತಿ ನನ್ನ ಪರವಾಗಿತ್ತು. ರಾಶಿ ಹಾಕುವುದು ಕಲ್ಲನ್ನು. ಬಡಿದು ಸದ್ದು ಕೇಳಿ ಆರಿಸುವುದು ಕಲ್ಲನ್ನು, ನಾನೇ ಜೀವಮಾನವಿಡೀ ಮಾಡಿದ ಕೆಲಸ ಅದು. ಒಳಗೆ ಕೆಂಪು ಎಂದರೆ ನಮ್ಮ ಊರಿನದೇ ಕಲ್ಲಿರಬೇಕು. ಸಾಲದ್ದಕ್ಕೆ ಅದೇ ನೋಟ್‌ಬುಕ್ಕಿನ ಹಿಂದಿನ ರಟ್ಟಿನಲ್ಲಿ ಕಿರಾಣಿ ಚೀಟಿ: ಕಲ್ಲುಪ್ಪು, ಕಲ್ಲುಸಕ್ಕರೆ, ಕಲ್ಲುಹೂವು. ಇಷ್ಟು ಸಾಕ್ಷಿ ಇದ್ದರೆ ಕೋರ್ಟಿನಲ್ಲಿ ಫಾಶಿ ಶಿಕ್ಷೆಯೇ ಆಗುತ್ತದೆ. ನಾನು ಮೂರು ಶಿಲೆಗಳ ಜೊತೆಗೆ ನಾಲ್ಕನೆಯದನ್ನು ಸೇರಿಸಿದೆ: ತಿನ್ನುಶಿಲೆ. ನಮ್ಮ ಪೂರ್ವಜರು ಬೇಸಿಗೆಯಲ್ಲಿ ಕಲ್ಲು ತಿನ್ನುತ್ತಿದ್ದರು, ಗುಡ್ಡಗಳು ಖಾಲಿಯಾದದ್ದೇ ಹಾಗೆ ಎಂದು ಹನ್ನೊಂದು ವರ್ಷ ಪಾಠ ಮಾಡಿದೆ. ಮಕ್ಕಳು ಬಹಳ ಗಂಭೀರವಾಗಿ ಕೇಳಿಸಿಕೊಂಡರು. ಆಮೇಲೆ, ಈ ಮೂವತ್ತೇಳರಲ್ಲಿ ಅದು ಯಾವುದು ಎಂದು ಹುಡುಕಲು ಶುರುಮಾಡಿದರು, ನಾಲಿಗೆಯಿಂದ.

ಉಳಿದ ಪಾಠ ನಾನು ಸರಿಯಾಗಿಯೇ ಮಾಡಿದೆ ಎಂಬುದನ್ನೂ ದಯವಿಟ್ಟು ಬರೆದಿಟ್ಟುಕೊಳ್ಳಿ. ಮರಳಿ ಬರುವ ಸಂಪನ್ಮೂಲ, ಮುಗಿದುಹೋಗುವ ಸಂಪನ್ಮೂಲ, ಇವೆರಡನ್ನೂ ನನ್ನಷ್ಟು ಚೆನ್ನಾಗಿ ಹೇಳುವವರು ಈ ಜಿಲ್ಲೆಯಲ್ಲಿ ಇಲ್ಲ. ಕಲ್ಲು ಮುಗಿದರೆ ಮತ್ತೆ ಆಗಲು ಕೋಟಿ ಕೋಟಿ ವರ್ಷ ಬೇಕು ಎಂದಾಗ ಹಿಂದಿನ ಬೆಂಚಿನಿಂದ ಒಂದು ದನಿ, "ಅಂದ್ರ ಊಟದ ಗಂಟಿ ಹೊಡದಮ್ಯಾಲೇನ್ರೀ ಅಕ್ಕೋರ?" ಎಂದು ಕೇಳಿತು. ಹೌದು ಎಂದೆ. ಅದು ಸುಳ್ಳಲ್ಲವಲ್ಲ.

ಹೋದ ತಿಂಗಳು ಶಾಲಾ ತಪಾಸಣೆಯ ಚಂದ್ರಾಮ ಸಾಹೇಬರು ಬಂದರು. ಕಲ್ಲುಪಾಠ ಮುಂದುವರಿಯಬೇಕೋ ಬೇಡವೋ ಎಂದು ತೀರ್ಮಾನಿಸುವವರು ಅವರೇ. ಬೇಡವೆಂದರೆ ಪೆಟ್ಟಿಗೆ ಗಿರಣಿಗೆ ಹೋಗುತ್ತದೆ, ಮೂವತ್ತೇಳು ಕಲ್ಲೂ ಪುಡಿಯಾಗಿ ಯಾರದೋ ಬಚ್ಚಲಮನೆಯ ಗೋಡೆ ಸೇರುತ್ತವೆ.

"ಹೇಳ್ರಿ ಮಕ್ಕಳ, ಶಿಲೆ ಎಷ್ಟು ನಮೂನಿ?"

"ನಾಕ್ರೀ!"

"ನಾಕನೇದು ಯಾವುದು?"

"ತಿನ್ನುಶಿಲೆರೀ!"

ಸಾಹೇಬರ ಮುಖ ಅರಳಿತು. ನಾಲ್ಕು ವರ್ಷದ ಹಿಂದೆ ಆ ಪಾಠವನ್ನು ಮೆಚ್ಚಿ, ಸಹಿ ಹಾಕಿ, ಇಡೀ ಜಿಲ್ಲೆಯ ಪುಸ್ತಕಕ್ಕೆ ಸೇರಿಸಿದ್ದವರು ಅವರೇ. ಅಷ್ಟರಲ್ಲಿ ಕಸ್ತೂರಿ ಎಂಬ ಹುಡುಗಿ ಎದ್ದು ನಿಂತಳು. ಅವಳ ಅಜ್ಜಿ ಸಂತೆಯಲ್ಲಿ ನೀರುಗಾಯಿ ಮಾರುತ್ತಾಳೆ. ನೀರುಗಾಯಿ ನಮ್ಮ ಬೇಸಿಗೆಯ ಹಣ್ಣು. ಚೌಕಾಕಾರ, ಒಳಗೆ ಹಳದಿ, ಒಂದರ ಮೇಲೊಂದು ಒಟ್ಟಲು ಅನುಕೂಲ.

"ಅಕ್ಕೋರ, ನಮ್ಮ ಆಯಿ ಹಂಗಲ್ಲ ಅಂತಾಳ್ರಿ."

"ಏನಂತಾಳವಾ ನಿಮ್ಮ ಆಯಿ?" ಎಂದರು ಸಾಹೇಬರು.

"ಕಲ್ಲಂಗಡಿ ಅಂದ್ರ ನೀರುಗಾಯಿ ಅಂತರಿ. ಮೊದಲ ದುಂಡಗ ಇತ್ತಂತ, ಒಳಗ ಕೆಂಪಗ ಇತ್ತಂತ. ಆಕಿ ಆಯಿ ಹಂಗಽ ಅಂತಿದ್ಲಂತ. ನಿಮ್ಮ ಅಕ್ಕೋರಿಗೆ ಇಷ್ಟೂ ತಿಳಿಯಂಗಿಲ್ಲೇನು ಅಂತ ನಕ್ಕಳ್ರಿ. ನಕ್ಕು ನಕ್ಕು ಹಲ್ಲಿನ ಸೆಟ್ ಕಳಚಿ ಬಿತ್ರಿ."

ಸಾಹೇಬರು ನನ್ನತ್ತ ನಿಧಾನವಾಗಿ ತಿರುಗಿದರು. "ನಿಂಬೆವ್ವಾರ, ಹನ್ನೊಂದು ವರ್ಷ?"

"ಹೌದ್ರಿ ಸಾಹೇಬ್ರ. ಅದರಾಗ ನಾಕು ವರ್ಷ ನಿಮ್ಮ ಸಹಿ ಐತ್ರಿ."

ಅವರು ಕೆಮ್ಮಿದರು. ನಾಲ್ಕನೆಯ ಶಿಲೆಯ ವಿಷಯ ಅಲ್ಲಿಗೆ ಮುಗಿಯಿತು, ನಾನು ಗೆದ್ದೆನೆಂದುಕೊಂಡೆ. ಆದರೆ ಆತ ಮೂರ್ಖನಲ್ಲ. ರಿಜಿಸ್ಟರು ತೆಗೆದು, ಬೆರಳಿಟ್ಟು ಓದಿಕೊಂಡು ಹೋದರು. ತೂಕ ಇತ್ತು, ಬಣ್ಣ ಇತ್ತು, ನಾಲಿಗೆಗಳ ಲೆಕ್ಕವೂ ಇತ್ತು. "ಎಲ್ಲಿಯದು" ಎಂಬ ಕಲಂ ಮೇಲಿನಿಂದ ಕೆಳಗಿನವರೆಗೆ ಖಾಲಿ.

"ಇದು ಯಾವ ಗುಡ್ಡದ್ದು?" ಹನ್ನೆರಡನೆಯ ನಂಬರನ್ನು ಎತ್ತಿ ಹಿಡಿದು ಕೇಳಿದರು.

"ಗೊತ್ತಿಲ್ರಿ."

"ಇದು?"

"ಗೊತ್ತಿಲ್ರಿ."

"ಊರಿಲ್ಲ, ಹೆಸರಿಲ್ಲ. ಹಂಗಾದ್ರ ಈ ಕಲ್ಲಿಗೂ ಈ ಗ್ವಾಡಿಗೂ ಏನು ಫರಕು, ನೀವಽ ಹೇಳ್ರಿ?"

ಮಾತಿಗೆ ನಾನು ಎಂದೂ ತಡವರಿಸಿದವಳಲ್ಲ. ಗಿರಣಿಯಲ್ಲಿ ಆಳುಗಳ ಮೇಲಿದ್ದ ಮುಕಾದಮನ ಬಾಯಿ ಮುಚ್ಚಿಸಿ ಈ ಕಸುಬಿಗೆ ಬಂದವಳು. ಅಂದು ಮಾತ್ರ ನಲವತ್ತು ಮಕ್ಕಳ ಮುಂದೆ ಆ ಕಲ್ಲನ್ನು ಅವರ ಕೈಯಿಂದ ತೆಗೆದುಕೊಂಡು ಪೆಟ್ಟಿಗೆಯಲ್ಲಿಟ್ಟೆ, ಯಾಕೆಂದರೆ ಆತ ಕೇಳಿದ್ದು ಸರಿಯಾಗಿತ್ತು. ಕಲ್ಲು ಎಂದರೇನು ಎಂದು ಮಕ್ಕಳಿಗೆ ತೋರಿಸಿದೆ. ಅದು ಒಂದು ಕಡೆ ಇತ್ತು, ಆ ಕಡೆಗೆ ಒಂದು ಹೆಸರಿತ್ತು, ಅಲ್ಲಿ ದನ ಮೇಯುತ್ತಿದ್ದವು, ಯಾರೋ ಅದರ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಿದ್ದರು ಎಂಬುದನ್ನು ತೋರಿಸಲು ನನ್ನಲ್ಲಿ ಏನೂ ಇರಲಿಲ್ಲ. ಸಾಹೇಬರು ಸ್ವಲ್ಪ ಮೆತ್ತಗಾದರು. "ಜೂನ್‌ದಾಗ ಬರ್ತೀನಿ. ಒಂದಾದ್ರೂ ಕಲ್ಲಿನ ಊರು ತೋರಸ್ರಿ, ಪಾಠ ಇಟ್ಟುಕೊಳ್ರಿ. ಇಲ್ಲಾಂದ್ರ ಪೆಟ್ಟಿಗಿ ಗಿರಣಿಗೆ," ಎಂದು ಹೇಳಿ ಹೋದರು.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಶಿಲೆಗಳ ಪಾಠ ಬಂದ ದಿನ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ. ಒಬ್ಬೊಬ್ಬರೂ ಕಾಲಡಿ ಬಿದ್ದಿರುವ ಒಂದೊಂದು ಕಲ್ಲು ಆರಿಸಲಿ, ಮುಷ್ಟಿಯಷ್ಟಿದ್ದರೆ ಸಾಕು. ಅದರ ಮೇಲೆ ಗುಡ್ಡದ ಹೆಸರು ಬರೆಸಿ. ಸೀಮೆಸುಣ್ಣ ಬೇಡ, ಒಂದು ಮಳೆಗೇ ಹೋಗುತ್ತದೆ. ಮೊಳೆಯಿಂದ ಗೀರಿಸಿ, ಮೇಲೆ ಆಯಿಲ್ ಪೇಂಟ್ ಹಚ್ಚಿಸಿ. ಕಾಗುಣಿತ ತಪ್ಪಿದರೆ ತಿದ್ದಲು ಹೋಗಬೇಡಿ, ನಾನು ಓದಿಕೊಳ್ಳುತ್ತೇನೆ. "ನಮ್ಮೂರು" ಎಂದು ಮಾತ್ರ ಬರೆಸಬೇಡಿ. ಆ ಹೆಸರಿನ ಊರುಗಳು ಬಹಳ. ಆಮೇಲೆ ಆ ಕಲ್ಲುಗಳನ್ನು ಹತ್ತಿರದಲ್ಲಿ ಕಟ್ಟುತ್ತಿರುವ ಯಾವುದಾದರೂ ಗೋಡೆಗೋ ಪಾಯಕ್ಕೋ ಹಾಕಿಸಿ, ಗೌಂಡಿಗಳು ಬೇಡವೆನ್ನುವುದಿಲ್ಲ. ಮುಂದೆ ಎಲ್ಲವೂ ಹೇಗಿದ್ದರೂ ನಮ್ಮ ಗಿರಣಿಗೇ ಬರುತ್ತವೆ. ಹೆಸರಿರುವ ಒಂದೇ ಒಂದು ಕಲ್ಲು ಸಿಕ್ಕರೂ, ಅದನ್ನು ನನ್ನ ಪೆಟ್ಟಿಗೆಯ ಕಲ್ಲುಗಳ ಪಕ್ಕದಲ್ಲಿಟ್ಟು, ಅದರ ಬಳಗ ಯಾವುದೆಂದು ನಾನು ಹೇಳಬಲ್ಲೆ.

ನೀವು ಅಲ್ಲಿ ಮಾಡಿದ್ದು ಇಲ್ಲಿ ಕಾಣಿಸಿಕೊಳ್ಳಲು ಒಂದು ದಿನ ಬೇಕು ಎಂದು ಹಿಂದಂಚೆಯವರು ಹೇಳುತ್ತಾರೆ. ನಾಳೆ ಬೆಳಿಗ್ಗೆ ಏಳಕ್ಕೆ ನಾನು ಗಿರಣಿಯ ಬಾಗಿಲಲ್ಲಿ ನಿಂತಿರುತ್ತೇನೆ. ನಾಳೆ ಇಲ್ಲದಿದ್ದರೆ ನಾಡಿದ್ದು, ಜೂನ್‌ವರೆಗೂ ದಿನಾ.

ನಿಮ್ಮ ತರಗತಿಯ ಕಿಟಕಿಯಿಂದ ಗುಡ್ಡವೊಂದು ಇನ್ನೂ ಕಾಣುತ್ತಿದ್ದರೆ ಅದರಿಂದಲೇ ಶುರುಮಾಡಿ. ಕಾಣದಿದ್ದರೆ, ಅದರ ಹೆಸರು ನೆನಪಿದ್ದವರು ಊರಲ್ಲಿ ಯಾರಾದರೂ ಇರುತ್ತಾರೆ. ಅವರ ಬಳಿ ಇವತ್ತೇ ಹೋಗಿ ಬನ್ನಿ.

ನಿಂಬೆವ್ವ ಹುನಕುಂಟಿ